ಶರಾವತಿ ಹಿನ್ನೀರಲ್ಲಿ ಗಾಳ ಹಾಕೋಕೆ ಹೋಗಿದ್ವಿ, ಹೋಂಸ್ಟೇ ರಿವ್ಯೂ

ಯುಗಾದಿ ಆದ್ಮೇಲೆ ಸಾಗರದ ಕಡೆ ಹಿನ್ನೀರಿನ ದಡದ ಒಂದು ಹೋಂಸ್ಟೇಗೆ ಗಾಳ ಹಾಕೋಕಂತ್ಲೇ ಹೋಗಿದ್ವಿ. ಈ ಹಿನ್ನೀರಿನ ಲಿಂಗನಮಕ್ಕಿ ಡ್ಯಾಮ್ ಫುಲ್ ಲೆವೆಲ್ಲು ಸಮುದ್ರ ಮಟ್ಟದಿಂದ 1819 ಅಡಿ, ಆದ್ರೆ ಈ ಟೈಮಲ್ಲಿ ಕರೆಂಟಿಗೆ ನೀರು ಬಿಟ್ಟು ಬಿಟ್ಟು ಸುಮಾರು ಇಳಿದಿರುತ್ತೆ, ದಡದ ತುಂಬಾ ಕೆಸರು, ಮುಳುಗಿದ್ದ ಹಳೇ ಮರದ ಬೊಡ್ಡೆಗಳು, ಗಾಳ ಅದಕ್ಕೆ ಸಿಕ್ಕಾಕ್ಕೊಂಡ್ರೆ ದಾರ ಕಡಿಯೋದೇ ಗತಿ. ಅದಕ್ಕೇ ತೆಪ್ಪ ಬೇಕು. ಲೈಫ್ ಜಾಕೆಟ್ ಹಾಕ್ಸದೆ ಹತ್ತಿಸ್ಲಿಲ್ಲ, ಅದು ತುಂಬಾ ಹಿಡಿಸ್ತು, ತೆಪ್ಪದ ಅಣ್ಣಂಗೆ ಬೊಡ್ಡೆ ಎಲ್ಲೆಲ್ಲಿ ಅಂತ ಪೂರ್ತಿ ಬಾಯಿಪಾಠ! ಬೆಳಿಗ್ಗೆ ಎಂಟರೊಳಗೆ ಹಿಟ್ಟಿನ ಉಂಡೆಗೆ ಎರಡು ರೋಹು ಮೀನು ಬಿತ್ತು, ಬಿಸಿಲೇರಿದ್ಮೇಲೆ ಒಂದೂ ಮುಟ್ಲಿಲ್ಲ. ಅವ್ರು ಕೊಡೋ ರಾಡ್ ಮಾತ್ರ ಹಳೇದು, ರೀಲ್ ಜಾಮ್ ಆಗುತ್ತೆ, ನಿಮ್ದೇ ತಗೊಂಡೋಗಿ. ರಾತ್ರಿ ಹೋಂಸ್ಟೇ ಅಕ್ಕ ಅಕ್ಕಿರೊಟ್ಟಿ, ಮೀನು ಸಾರು ಮಾಡಿದ್ರು, ಆಹಾ.