ಕಾಕ್ರೇನ್ ಲೈಬ್ರರಿ: ವಾರ್ಡಿನ ನರ್ಸ್ ಒಬ್ಬಳ ಅಭಿಪ್ರಾಯ

ಬೆಂಗಳೂರಿನ ಜಯನಗರದ ಕಡೆಯ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ನಾನು. ಓದುವಾಗ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆನ್‌ಲೈನ್ ಗ್ರಂಥಾಲಯ ಹೆಲಿನೆಟ್‌ನಲ್ಲಿ ಜರ್ನಲ್‌ಗಳು ಸಿಗುತ್ತಿದ್ದವು. ಈಗ ಡ್ಯೂಟಿ ಮುಗಿಸಿ ಮೆಟ್ರೋದಲ್ಲಿ ಕೂತಾಗ ಓದುವುದು ಕಾಕ್ರೇನ್ ಲೈಬ್ರರಿ, ಅಂದರೆ ಆರೋಗ್ಯ ಸಂಶೋಧನೆಯ ವಿಮರ್ಶೆಗಳ ಆನ್‌ಲೈನ್ ಸಂಗ್ರಹ. ಒಂದು ಪ್ರಶ್ನೆಯ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು, ಒಟ್ಟಾರೆ ಏನು ಹೇಳುತ್ತವೆ, ಅದನ್ನು ಎಷ್ಟು ನಂಬಬಹುದು ಎಂದು ಬರೆದಿರುತ್ತಾರೆ. ಸರಳ ಭಾಷೆಯ ಸಾರಾಂಶಕ್ಕೆ ದುಡ್ಡು ಕೊಡಬೇಕಿಲ್ಲ.

ನಮ್ಮ ದಿನನಿತ್ಯದ ಐವಿ ಕ್ಯಾನುಲಾವನ್ನೇ (ಡ್ರಿಪ್, ಔಷಧಿ ಕೊಡಲು ಕೈಯ ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ತೆಗೆದುಕೊಳ್ಳಿ. ಮೂರು ದಿನವಾಯಿತೆಂದರೆ ಕಿತ್ತು ಬೇರೆ ಕಡೆ ಚುಚ್ಚುವುದು ಎಷ್ಟೋ ವಾರ್ಡುಗಳ ರೂಢಿ. ಇದರ ಬಗ್ಗೆ ಕಾಕ್ರೇನ್‌ನ 2019ರ ವಿಮರ್ಶೆ 9 ಅಧ್ಯಯನಗಳ 7,412 ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ದಿನ ಎಣಿಸಿ ಬದಲಿಸಿದರೂ, ತೊಂದರೆ ಕಂಡಾಗಷ್ಟೇ ತೆಗೆದರೂ ರಕ್ತದ ಸೋಂಕಿನಲ್ಲಿ, ಫ್ಲೆಬೈಟಿಸ್‌ನಲ್ಲಿ (ರಕ್ತನಾಳ ಉರಿಯೂತದಿಂದ ಕೆಂಪಾಗಿ ನೋಯುವುದು) ಸ್ಪಷ್ಟ ವ್ಯತ್ಯಾಸವಿಲ್ಲ. ಆದರೆ ದಿನ ಎಣಿಸಿ ಬದಲಿಸಿದವರಲ್ಲಿ ಲೈನ್ ಬ್ಲಾಕ್ ಆಗುವುದು, ಔಷಧಿ ಹೊರಗೆ ಸೋರಿ ಊದುವುದು ಸ್ವಲ್ಪ ಕಡಿಮೆ. ಈ ಎರಡನೇ ಮಾತನ್ನು ಯಾರೂ ಎತ್ತುವುದಿಲ್ಲ, ಅದಕ್ಕೇ ಪೂರ್ತಿ ಓದಬೇಕು ಅನ್ನುತ್ತೇನೆ.

ಇದೇ ಪ್ರಶ್ನೆಯ ಮೇಲೆ 2012ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 3,283 ರೋಗಿಗಳಿದ್ದರು. ಫ್ಲೆಬೈಟಿಸ್ ಎರಡೂ ಗುಂಪಿನಲ್ಲಿ ಶೇ. 7. ವ್ಯತ್ಯಾಸದ ಕಾನ್ಫಿಡೆನ್ಸ್ ಇಂಟರ್ವಲ್‌ನ (ನಿಜವಾದ ವ್ಯತ್ಯಾಸ ಇರಬಹುದಾದ ಅಂದಾಜು ವ್ಯಾಪ್ತಿ) ಮೇಲಿನ ತುದಿ ಶೇ. 2.15, ಅಂದರೆ ತೊಂದರೆ ಕಂಡಾಗಷ್ಟೇ ತೆಗೆದರೆ, ಕೆಟ್ಟದ್ದೇ ಆದರೂ ನೂರಕ್ಕೆ ಸುಮಾರು ಇಬ್ಬರಿಗೆ ಹೆಚ್ಚು. ‘ವ್ಯತ್ಯಾಸವಿಲ್ಲ’ ಎಂಬ ಒಂದು ಸಾಲಿಗಿಂತ ಈ ಲೆಕ್ಕ ನನಗೆ ಹೆಚ್ಚು ಕೆಲಸಕ್ಕೆ ಬಂತು.

ಇಷ್ಟೆಲ್ಲ ಕೊಟ್ಟ ಲೈಬ್ರರಿ ನಮ್ಮ ವಾರ್ಡಿನ ಲೆಕ್ಕ ಹಾಕಿಕೊಡಲಾರದು. ತೊಂದರೆ ಕಂಡಾಗ ತೆಗೆಯಬೇಕಾದರೆ ಯಾರಾದರೂ ನೋಡುತ್ತಿರಬೇಕಲ್ಲ? ರಾತ್ರಿ ಪಾಳಿಯಲ್ಲಿ ಒಬ್ಬಳೇ ಇಡೀ ಸಾಲು ಮಂಚ ನೋಡುವಾಗ ಅದು ಸುಲಭವಲ್ಲ. ಬಿಳಿ ಚರ್ಮದಲ್ಲಿ ಕೆಂಪು ತಟ್ಟನೆ ಕಾಣುತ್ತದೆ. ಕೋಲಾರ, ತುಮಕೂರಿನಿಂದ ಬಂದ ನಮ್ಮ ರೋಗಿಗಳ ಕಪ್ಪು ಕೈಯಲ್ಲಿ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಬಿಸಿಯಿದೆಯೇ, ರಕ್ತನಾಳ ಗಟ್ಟಿಯಾಗಿದೆಯೇ ಎಂದು ಮುಟ್ಟಬೇಕು, ‘ನೋಯ್ತಿದ್ಯಾ ಅಜ್ಜಿ?’ ಎಂದು ಕೇಳಬೇಕು.

ಇನ್‌ಚಾರ್ಜ್ ಸಿಸ್ಟರ್ ಜೊತೆ ಕೂತು ಮಾತಾಡಿ, ಪಾಳಿ ಬದಲಾಗುವಾಗಿನ ಪ್ರತಿ ಹ್ಯಾಂಡೋವರ್‌ನಲ್ಲೂ ಕ್ಯಾನುಲಾ ಜಾಗ ಮುಟ್ಟಿ ನೋಡಿ ಬರೆಯುವ ಒಂದು ಕಾಲಂ ಸೇರಿಸಿದೆವು. ಅದು ತಪ್ಪದೆ ನಡೆಯುವವರೆಗೆ ಮೂರು ದಿನದ ನಿಯಮ ಬಿಡುವುದಿಲ್ಲ.

ಲೈಬ್ರರಿಗೆ ನನ್ನ ಅಂಕ ಐದಕ್ಕೆ ನಾಲ್ಕೂವರೆ. ಹೊಸದಾಗಿ ನೋಡುವವರು ಸಾರಾಂಶಕ್ಕೆ ನಿಲ್ಲಿಸದೆ, ಅಧ್ಯಯನ ಯಾವ ದೇಶದಲ್ಲಿ, ಎಂಥ ವಾರ್ಡಿನಲ್ಲಿ ನಡೆಯಿತು ಎಂಬ ಪಟ್ಟಿಯನ್ನೂ ತೆರೆದು ನೋಡಿ.