ಡಿಡಿರೆಸ್ಕ್ಯೂ: ಡಿವಿಡಿಗೆ ದೇವರು, ವಿಸಿಡಿಗೆ ದೂರ

ಕರೆಂಟ್ ಹೋದರೂ ಅಲ್ಲಿಯವರೆಗೆ ಮಾಡಿದ ಕೆಲಸ ಹೋಗಬಾರದು. ಕಲಬುರಗಿಯ ಬೇಸಿಗೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇದಕ್ಕಿಂತ ದೊಡ್ಡ ಆಸೆ ಇಲ್ಲ. ಕೆಟ್ಟ ಡಿಸ್ಕ್‌ನಿಂದ ಓದಲು ಬರುವಷ್ಟನ್ನೂ ನಕಲು ಮಾಡಿಕೊಡುವ ಗ್ನೂ ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್ ನನಗೆ ಹಿಡಿಸಿದ್ದು ಮೊದಲು ಈ ಕಾರಣಕ್ಕೆ.

ನನ್ನದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಸಣ್ಣ ಅಂಗಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಇರುವುದಿಲ್ಲ. ಹಾಗಾಗಿ ಮಂದಿ ಹಳೆಯ ಡಿಸ್ಕ್ ಹಿಡಿದುಕೊಂಡು ಬರುತ್ತಾರೆ. "ಲಗ್ನದ ಸಿಡಿ ಅದರೀ, ಪೆನ್‌ಡ್ರೈವ್‌ನಾಗ ಹಾಕಿ ಕೊಡ್ರಿ." ಮನೆಯಲ್ಲೇ ಬರೆಯುವ ಡಿಸ್ಕ್‌ಗಳಲ್ಲಿ ಮಾಹಿತಿ ಇರುವುದು ಬಣ್ಣದ ತೆಳು ಪದರದಲ್ಲಿ. ಬಿಸಿಲು, ಶಾಖ ಎರಡೂ ಅದಕ್ಕೆ ಆಗಿಬರುವುದಿಲ್ಲ. ನಮ್ಮಲ್ಲೋ ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯ ಅಲಮಾರಿಯಲ್ಲಿ ಹತ್ತಿಪ್ಪತ್ತು ಬೇಸಿಗೆ ಕಳೆದ ಡಿಸ್ಕ್ ಹೇಗಿರಬೇಕು ಹೇಳಿ.

ಮೊದಲ ಕೆಲಸ ಸ್ನಾನ. ನಲ್ಲಿ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಹಳೆಯ ಹತ್ತಿ ಪಂಚೆಯ ತುಂಡು. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಿಸಿ ಒರೆಸಿದರೆ ಹೊಸ ಗೀರು ಟ್ರ್ಯಾಕಿನ, ಅಂದರೆ ಮಾಹಿತಿ ಬರೆದಿರುವ ಸುರುಳಿ ಸಾಲಿನ, ಉದ್ದಕ್ಕೇ ಬೀಳುತ್ತದೆ, ಅದನ್ನು ಸರಿಪಡಿಸಿಕೊಳ್ಳುವುದು ಡ್ರೈವಿಗೆ ಕಷ್ಟ. ಆಮೇಲೆ ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತೇನೆ. ಸಿಡಿಯಲ್ಲಿ ಹೊಳೆಯುವ ಪದರ ಇರುವುದು ಹೆಸರು ಬರೆಯುವ ಬದಿಗೆ ಅಂಟಿಕೊಂಡು, ಮೇಲೆ ತೆಳುವಾದ ಲ್ಯಾಕರ್ ಅಷ್ಟೇ. ಅದು ಚಕ್ಕೆ ಎದ್ದು ಬೆಳಕು ತೂರಿ ಬಂದರೆ ಆ ಜಾಗದ ಆಸೆ ಬಿಡಬೇಕು. ಕೆಳಬದಿಯ ಗೀರಿಗೆ ಎಲ್ಲರೂ ಹೆದರುತ್ತಾರೆ, ನಿಜವಾಗಿ ಹೆದರಬೇಕಾದ್ದು ಮೇಲ್ಬದಿಗೆ.

ಇನ್ನು ಸಾಫ್ಟ್‌ವೇರ್. ಬಟನ್ ಇಲ್ಲ, ಚಿತ್ರ ಇಲ್ಲ. ಲಿನಕ್ಸ್‌ನ ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಬೇಕು: ಯಾವ ಡ್ರೈವ್, ಯಾವ ಇಮೇಜ್ ಫೈಲ್ (ಡಿಸ್ಕಿನ ಪೂರ್ತಿ ನಕಲು), ಯಾವ ಮ್ಯಾಪ್ ಫೈಲ್ (ಕೆಲಸದ ಲೆಕ್ಕ). ಸೆಕ್ಟರ್, ಅಂದರೆ ಡಿಸ್ಕಿನಲ್ಲಿ ಮಾಹಿತಿ ಇಡುವ ಒಂದು ತುಂಡಿನ ಅಳತೆ 2048 ಬೈಟ್ ಎಂದೂ ಹೇಳಬೇಕು. ಉಬುಂಟು ಎಂಬ ಲಿನಕ್ಸ್‌ನಲ್ಲಿ ಹಾಕಿಕೊಳ್ಳುವಾಗ ಜಿಡಿಡಿರೆಸ್ಕ್ಯೂ ಎಂದು ಹುಡುಕಬೇಕು, ಓಡಿಸುವಾಗ ಆ 'ಜಿ' ಇರುವುದಿಲ್ಲ. ಸುಮ್ನೆ ತಲೆ ತಿನ್ನುತ್ತದೆ.

ಓಡಲು ಶುರುವಾದ ಮೇಲೆ ಮಾತ್ರ ನೋಡುತ್ತಾ ಕೂರಬೇಕು ಅನಿಸುತ್ತದೆ. ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಕೆಟ್ಟ ಜಾಗ ಸಿಕ್ಕರೆ ಹಟ ಹಿಡಿಯದೆ ಹಾರಿ ಮುಂದೆ ಹೋಗುತ್ತದೆ. ಆಮೇಲೆ ತಿರುಗಿ ಬಂದು ಅಂಚುಗಳನ್ನು ಕತ್ತರಿಸಿ, ಉಳಿದದ್ದನ್ನು ಒಂದೊಂದೇ ಸೆಕ್ಟರ್ ಕೆರೆಯುತ್ತದೆ. ಪರದೆಯ ಕೆಳಗೆ ಕೊನೆಯ ಬಾರಿ ಏನಾದರೂ ಸಿಕ್ಕಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ ಓಡುತ್ತಿರುತ್ತದೆ. ಅದು ಏರುತ್ತಾ ಏರುತ್ತಾ ಹೋಗಿ ತಟ್ಟನೆ ಸೊನ್ನೆಗೆ ಬಂದರೆ ಖುಷಿ. ಒಂದಿಷ್ಟು ಸಿಕ್ಕಿತು ಅಂತ ಅರ್ಥ.

ಮ್ಯಾಪ್ ಫೈಲ್ ಅಂದರೆ ಕಿರಾಣಿ ಅಂಗಡಿಯ ಉದ್ರಿ ಖಾತೆ ಇದ್ದ ಹಾಗೆ: ಎಷ್ಟು ಬಂತು, ಎಷ್ಟು ಬಾಕಿ, ಎಲ್ಲಾ ಬರೆದಿರುತ್ತದೆ. ಕರೆಂಟ್ ಹೋಯಿತೋ, ಬಂದ ಮೇಲೆ ಅದೇ ಸಾಲನ್ನು ಮತ್ತೆ ಕೊಟ್ಟರೆ ಆಯಿತು, ಬಾಕಿ ಜಾಗಕ್ಕೆ ಮಾತ್ರ ಹೋಗುತ್ತದೆ. ಡ್ರೈವ್ ಬದಲಿಸಿಯೂ ಮುಂದುವರಿಸಬಹುದು. ನನ್ನ ಹೊಸ ಯುಎಸ್‌ಬಿ ಡ್ರೈವ್ ಕೈಬಿಟ್ಟ ಸೆಕ್ಟರ್‌ಗಳನ್ನು ಗುಜರಿಯಿಂದ ತಂದ ಹಳೆಯ ಡೆಸ್ಕ್‌ಟಾಪ್ ಡ್ರೈವ್ ಎಷ್ಟೋ ಸಲ ಓದಿದೆ.

ಇನ್ನೂ ಮಜಾ ಎಂದರೆ ಬೀಗರ ಡಿಸ್ಕ್. ಸ್ಟುಡಿಯೋದವರು ಒಂದೇ ಡಿವಿಡಿಯ ಪ್ರತಿಗಳನ್ನು ಎರಡೂ ಕಡೆಗೆ ಕೊಟ್ಟಿರುತ್ತಾರಲ್ವಾ? ಹೆಣ್ಣಿನ ಮನೆಯದು ಒಂದು ಕಡೆ ಕೆಟ್ಟಿರುತ್ತದೆ, ಗಂಡಿನ ಮನೆಯದು ಇನ್ನೊಂದು ಕಡೆ. ಎರಡೂ ಒಂದೇ ಇಮೇಜಿನಿಂದ ಬರೆದ ಪ್ರತಿಗಳಾದರೆ, ಮೊದಲನೆಯದರ ಮ್ಯಾಪ್ ಇಟ್ಟುಕೊಂಡು ಎರಡನೆಯದನ್ನು ಓಡಿಸಬೇಕು. ತೂತುಗಳಷ್ಟೇ ತುಂಬಿಕೊಳ್ಳುತ್ತವೆ. ಆಳಂದದ ಕಡೆಯ ಒಂದು ಕುಟುಂಬದ ಅಕ್ಷತೆಯ ಭಾಗ ಪೂರ್ತಿ ಸಿಕ್ಕಿದ್ದು ಹೀಗೆ. ಅದಕ್ಕಾಗಿ ಬಹಳ ದಿನದಿಂದ ಮಾತು ಬಿಟ್ಟಿದ್ದ ಬೀಗರಿಗೆ ಫೋನ್ ಮಾಡಬೇಕಾಯಿತು, ಅದು ಅವರ ಕಷ್ಟ.

ಇಷ್ಟೆಲ್ಲಾ ಹೊಗಳಿದ ಮೇಲೆ ಬೇಜಾರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಹಳೆಯ ಲಗ್ನದ ಡಿಸ್ಕ್‌ಗಳಲ್ಲಿ ಬಹಳಷ್ಟು ಡಿವಿಡಿ ಅಲ್ಲ, ವಿಸಿಡಿ, ಅಂದರೆ ಸಿಡಿಯಲ್ಲೇ ವಿಡಿಯೋ ತುಂಬಿದ್ದು. ಅಲ್ಲಿ ಈ ಸಾಫ್ಟ್‌ವೇರ್ ಕೈಚೆಲ್ಲುತ್ತದೆ. ಡೇಟಾ ಸಿಡಿಯ ಸೆಕ್ಟರಿನಲ್ಲಿ 2048 ಬೈಟ್ ಮಾಹಿತಿ, ಜೊತೆಗೆ ತಪ್ಪು ತಿದ್ದಿಕೊಳ್ಳಲು ಹೆಚ್ಚುವರಿ ರಕ್ಷಣೆ. ವಿಸಿಡಿಯ ವಿಡಿಯೋ ಸೆಕ್ಟರಿನಲ್ಲಿ ಆ ರಕ್ಷಣೆ ತೆಗೆದು 2324 ಬೈಟ್ ತುಂಬಿರುತ್ತಾರೆ. ಡಿಡಿರೆಸ್ಕ್ಯೂ ಕೇಳುವುದು 2048ರ ಲೆಕ್ಕದಲ್ಲಿ. ಹಾಗಾಗಿ ಡಿಸ್ಕ್ ಹೊಸದಿದ್ದರೂ ಲಗ್ನ ಕೈಗೆ ಬರುವುದಿಲ್ಲ. ಆಡಿಯೋ ಸಿಡಿಯ ಕಥೆಯೂ ಇದೇ.

ವಿಸಿಡಿಗೆ ನಾನು ವಿಂಡೋಸ್‌ನಲ್ಲಿ ಐಸೋಬಸ್ಟರ್ ಬಳಸುತ್ತೇನೆ. ಆ ಸೆಕ್ಟರ್‌ಗಳನ್ನು ಅದು ಸರಿಯಾಗಿ ಎತ್ತುತ್ತದೆ, ಫೈನಲೈಸ್ ಮಾಡದೆ (ಬರೆದಾದ ಮೇಲೆ ಮುಚ್ಚುವ ಕೊನೆಯ ಹೆಜ್ಜೆ ಇಡದೆ) ಬಿಟ್ಟ ಡಿಸ್ಕನ್ನೂ ತೆರೆಯುತ್ತದೆ. ಪೂರ್ತಿ ಸೌಲಭ್ಯಕ್ಕೆ ದುಡ್ಡು ಕೊಡಬೇಕು, ಕೊಟ್ಟಿದ್ದೇನೆ. ಅದಕ್ಕೂ ಮೊದಲು ಹೆಸರು ಹೇಳಲಾಗದ ಇನ್ನೊಂದಕ್ಕೆ ಕೊಟ್ಟ ದುಡ್ಡು ನೀರಿಗೆ ಹೋಯಿತು. ಫೈಲ್‌ಗಳ ಪಟ್ಟಿ ಚೆನ್ನಾಗಿ ತೋರಿಸಿತು, ಉಳಿಸಿದ ಫೈಲ್ ಒಂದೂ ತೆರೆಯಲಿಲ್ಲ.

ಡಿಡಿರೆಸ್ಕ್ಯೂಗೆ ಮತ್ತೊಂದು ಕೊರತೆ. ಕೊನೆಗೆ ಶೇಕಡಾ 98 ಬಂತು ಎನ್ನುತ್ತದೆ, ಹೋದ ಎರಡು ಯಾವ ಫೈಲಿನದು ಎಂದು ಹೇಳುವುದಿಲ್ಲ. ಕೈಪಿಡಿಯಲ್ಲಿ ಇದಕ್ಕೊಂದು ಉಪಾಯ ಇದೆ: ಓದಲಾಗದ ಜಾಗಕ್ಕೆ ಒಂದು ಗುರುತಿನ ಪದ ತುಂಬಿ, ಆಮೇಲೆ ಆ ಪದ ಯಾವ ಫೈಲಿನಲ್ಲಿದೆ ಎಂದು ಹುಡುಕುವುದು. ಕೆಲಸ ಮಾಡುತ್ತದೆ. ಆದರೆ ಅಂಗಡಿಯ ಮುಂದೆ ಗಿರಾಕಿ ನಿಂತಿರುವಾಗ ಇದೆಲ್ಲ ಆಗುವ ಮಾತಲ್ಲ. ವಿಡಿಯೋದಲ್ಲಿ ಅಲ್ಲಲ್ಲಿ ಹೋದರೆ ಚಿತ್ರ ಆಗಾಗ ಚೌಕಚೌಕವಾಗಿ ಒಡೆಯುತ್ತದೆ, ನಡೆಯುತ್ತದೆ. ಫೋಟೋ ಆದರೆ ಅರ್ಧಕ್ಕರ್ಧ ಬೂದು ಬಣ್ಣ. ಜಿಪ್ ಫೈಲ್ ಆದರೆ ತೆರೆಯದೇ ಹೋಗಬಹುದು.

ಈಗ ಡಿಸ್ಕ್ ಹಾಕಿದ ಕೂಡಲೇ ಎಂಪಿಇಜಿಎವಿ ಎಂಬ ಫೋಲ್ಡರ್ ಇದೆಯಾ ನೋಡುತ್ತೇನೆ. ಇದ್ದರೆ ವಿಸಿಡಿ, ನಾನೇ ಕೂತು ಮಾಡಬೇಕು, ದರ ಜಾಸ್ತಿ. ಇಲ್ಲದಿದ್ದರೆ ರಾತ್ರಿ ಡಿಡಿರೆಸ್ಕ್ಯೂಗೆ ಒಪ್ಪಿಸಿ ಶಟರ್ ಎಳೆಯುತ್ತೇನೆ. "ಎರಡೂ ಒಂದೇ ಥರಾ ಅದಾವಲ್ರೀ, ಇದಕ್ಯಾಕ ಜಾಸ್ತಿ?" ಎಂದು ಗಿರಾಕಿಗಳು ಜಗಳಕ್ಕೆ ನಿಲ್ಲುತ್ತಾರೆ. ಅವರಿಗೆ 2324ರ ಲೆಕ್ಕ ಹೇಳುವ ಬದಲು ಹತ್ತು ರೂಪಾಯಿ ಬಿಟ್ಟುಬಿಡುತ್ತೇನೆ.