ಒಂದು ಕೈಯಲ್ಲಿ ಮಗು: ನಮ್ಮ ಪಟ್ಟಿಯ ದೊಡ್ಡ ವಸ್ತುಗಳು, 26 ತಿಂಗಳ ಬಳಕೆಯ ನಂತರ

ಸ್ಟ್ರಾಲರ್ ಮಡಚಲು ಎರಡು ಕೈ ಬೇಕು. ಕೊಳ್ಳುವ ಮುನ್ನ ನಾನು ಓದಿದ ಯಾವ ವಿವರಣೆಯಲ್ಲೂ ಈ ಮಾತು ಇರಲಿಲ್ಲ. ಚಕ್ರದ ಅಳತೆ ಇತ್ತು, ಬಟ್ಟೆಯ ಬಣ್ಣಗಳಿದ್ದವು, ಬಾಟಲಿ ಇಡುವ ಬಳೆಯ ಚಿತ್ರವೇ ನಾಲ್ಕು ಕೋನಗಳಿಂದ ಇತ್ತು. ಮಡಚುವುದರ ಬಗ್ಗೆ ಮಾತ್ರ "ಸುಲಭವಾಗಿ ಮಡಚಬಹುದು" ಎಂದಿತ್ತು, ಅಷ್ಟೇ. ಸ್ಟ್ರಾಲರ್ ಮಡಚಬೇಕಾದ ಹೊತ್ತಿನಲ್ಲಿ ಅಮ್ಮನ ಎರಡೂ ಕೈ ಖಾಲಿ ಇರುವುದಿಲ್ಲ. ಅಲ್ಲಿಯವರೆಗೆ ಅದರಲ್ಲಿ ಮಲಗಿದ್ದ ಮಗು ಆ ಹೊತ್ತಿಗೆ ಅವಳ ತೋಳಿನಲ್ಲಿರುತ್ತದೆ.

ಮಗಳಿಗೆ ಈಗ 26 ತಿಂಗಳು. ನನ್ನ ತಂಗಿಗೆ ಈಗ ಏಳನೆಯ ತಿಂಗಳು. ಬಂಧುಗಳೂ ಸ್ನೇಹಿತರೂ "ಏನು ಬೇಕೆಂದು ಬರೆದುಕೊಡು, ಸೇರಿ ಕೊಡಿಸುತ್ತೇವೆ" ಎಂದು ಅವಳನ್ನು ಕೇಳುತ್ತಿದ್ದಾರೆ. ಅವಳು ನನ್ನನ್ನು ಕೇಳಿದಳು: "ಅಕ್ಕಾ, ನೀನು ಮಾಡಿದ್ದ ಪಟ್ಟಿಯನ್ನೇ ಕಳಿಸು, ನಾನು ಹಾಗೆಯೇ ಬರೆದುಕೊಳ್ಳುತ್ತೇನೆ." ಹಳೆಯ ಕಾಗದ ಹುಡುಕಿ ತೆಗೆದೆ. ಮೇಲಿನ ನಾಲ್ಕು ಹೆಸರುಗಳಿಗೆ ಎರಡೆರಡು ಗೆರೆ ಎಳೆದಿದ್ದೆ: ಸ್ಟ್ರಾಲರ್, ಕಾರ್ ಸೀಟ್, ಮಗುವಿನ ಮಂಚ, ಬ್ರೆಸ್ಟ್ ಪಂಪ್. ತೀರಾ ಕೆಳಗೆ, ಪೆನ್ಸಿಲಿನಲ್ಲಿ, "ಊಟದ ಕುರ್ಚಿ, ಆಮೇಲೆ ನೋಡೋಣ" ಎಂದಿತ್ತು. ಅದನ್ನು ಹಾಗೆಯೇ ಕಳಿಸಲು ಮನಸ್ಸು ಬರಲಿಲ್ಲ. ಅವಳಿಗೆ ಹೇಳಬೇಕಾದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಸ್ಟ್ರಾಲರ್ ನಮ್ಮ ಪಟ್ಟಿಯಲ್ಲೇ ಅತ್ಯಂತ ದುಬಾರಿ ವಸ್ತು. ಕಚೇರಿಯ ಒಂಬತ್ತು ಜನ ಹಣ ಸೇರಿಸಿ ಕೊಡಿಸಿದ್ದರು. ಅದರ ತೂಕ 13 ಕೆ.ಜಿ. ಹಿಡಿಯ ಎಡಬಲಗಳಲ್ಲಿ ಎರಡು ಕೊಂಡಿಗಳಿವೆ. ಎರಡನ್ನೂ ಒಟ್ಟಿಗೆ ಮೇಲಕ್ಕೆಳೆದು, ಹಾಗೇ ಹಿಡಿದುಕೊಂಡು, ಪಾದದಿಂದ ಹಿಂಬದಿಯ ಸರಳನ್ನು ಒತ್ತಬೇಕು. ಆಗ ಚೌಕಟ್ಟು ಮುಂದಕ್ಕೆ ಬಾಗಿ ಕುಸಿಯುತ್ತದೆ. ಒಂದು ಕೊಂಡಿ ಸ್ವಲ್ಪ ಮೊದಲು ಜಾರಿದರೂ ಚೌಕಟ್ಟು ಅರ್ಧಕ್ಕೆ ನಿಂತು ಓರೆಯಾಗುತ್ತದೆ. ನಮ್ಮದು ಎರಡನೆಯ ಮಹಡಿ, ಲಿಫ್ಟ್ ಇಲ್ಲ. ಮಗು ನಾಲ್ಕು ತಿಂಗಳಿಗೆ ಆರೂವರೆ ಕೆ.ಜಿ. ಇತ್ತು. ಒಂದು ಮಳೆಯ ಸಂಜೆ ಮೆಟ್ಟಿಲ ಬುಡದಲ್ಲಿ ಅವಳನ್ನು ಎಡತೋಳಿನಲ್ಲಿ ಒತ್ತಿಕೊಂಡು, ಬಲಗೈಯಿಂದ ಒಂದು ಕೊಂಡಿ, ಮೊಣಕೈಯಿಂದ ಇನ್ನೊಂದು ಕೊಂಡಿ ಎಳೆಯಲು ನೋಡಿದೆ. ಆಗಲಿಲ್ಲ. ಮಳೆಯಲ್ಲೇ ಸ್ಟ್ರಾಲರ್ ಬಿಟ್ಟು ಮಗುವನ್ನು ಮೇಲಕ್ಕೆ ಹೊತ್ತೊಯ್ದು ಮಲಗಿಸಿದೆ. ಪಕ್ಕದ ಮನೆಯವರನ್ನು ಅವಳ ಬಳಿ ಕೂರಿಸಿ, ಮತ್ತೆ ಇಳಿದು ಬಂದು ಅದನ್ನು ಮಡಚಿದೆ. ಅಷ್ಟರಲ್ಲಿ ಒಳಗಿನ ಹಾಸು ಹಿಂಡುವಷ್ಟು ನೆನೆದಿತ್ತು. ಅದು ಒಣಗಲು ಎರಡು ದಿನ ಬೇಕಾಯಿತು.

ಹಾಗೆಂದು ಮೊದಲ ದಿನದಿಂದಲೇ ಹಗುರವಾದದ್ದನ್ನು ಕೊಳ್ಳಬೇಕಿತ್ತು ಎನ್ನಲೂ ಆಗುವುದಿಲ್ಲ. ಛತ್ರಿಯಂತೆ ಮಡಚುವ ಹಗುರ ಗಾಡಿ ಹೊಸದೇನಲ್ಲ. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳನ್ನು ಒಳಗೆಳೆಯುವ ವ್ಯವಸ್ಥೆಯ ಮೇಲೆ ಕೆಲಸ ಮಾಡಿದ್ದ ಎಂಜಿನಿಯರ್ ಓವನ್ ಮೆಕ್ಲಾರೆನ್ 1965ರಲ್ಲೇ ಅಂಥದ್ದನ್ನು ರೂಪಿಸಿದ್ದರು. ಅಲ್ಯೂಮಿನಿಯಂ ಕೊಳವೆಗಳ ಆ ಗಾಡಿ 3 ಕೆ.ಜಿ.ಗಿಂತಲೂ ಹಗುರವಾಗಿತ್ತು. ಆದರೆ ಅಂಥ ಹಗುರ ಗಾಡಿಗಳಲ್ಲಿ ಬಹುಪಾಲು ಕುಳಿತುಕೊಳ್ಳಬಲ್ಲ ಮಗುವಿಗೆ ಮಾತ್ರ ಸರಿ. ಕತ್ತು ನಿಲ್ಲದ ಕೂಸಿಗೆ ಬೆನ್ನು ಪೂರ್ತಿ ಚಪ್ಪಟೆಯಾಗಿ ಒರಗುವ ಹಾಸು ಬೇಕು. ಆಧಾರವಿಲ್ಲದೆ ಕೂರಲು ಹೆಚ್ಚಿನ ಮಕ್ಕಳಿಗೆ ಆರು ತಿಂಗಳ ಆಸುಪಾಸು ಆಗಬೇಕು. ಆ ಆರು ತಿಂಗಳಿಗಾಗಿ ನಾವು 13 ಕೆ.ಜಿ. ಹೊತ್ತೆವು. ಒಂಬತ್ತನೆಯ ತಿಂಗಳಿನಲ್ಲಿ ನಮ್ಮದೇ ಉಳಿತಾಯದಿಂದ 6 ಕೆ.ಜಿ.ಯ ಇನ್ನೊಂದನ್ನು ಕೊಂಡೆವು. ಅಂಗಡಿಯಲ್ಲಿ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಒಂದೊಂದು ಗಾಡಿಯನ್ನೂ ಮಡಚಿ, ಬಿಡಿಸಿ ನೋಡಿದೆ. ಹನ್ನೊಂದರಲ್ಲಿ ಮೂರು ಮಾತ್ರ ಒಂದೇ ಕೈಗೆ ಬಗ್ಗಿದವು. ಆ ಮೂರರಲ್ಲಿ ಅಗ್ಗದ್ದನ್ನು ತಂದೆ. ಈವರೆಗೆ ಅದರ ಮೇಲೆ ಒಂದು ದೂರೂ ಇಲ್ಲ.

ಇಷ್ಟು ಬೈದ ಮೇಲೂ ದೊಡ್ಡ ಸ್ಟ್ರಾಲರನ್ನು ಮಾರುವ ಮನಸ್ಸು ನನಗೆ ಬರಲಿಲ್ಲ. ಉಬ್ಬುತಗ್ಗಿನ ದಾರಿಯಲ್ಲಿ ಅದರ ದೊಡ್ಡ ಚಕ್ರಗಳು, ಸ್ಪ್ರಿಂಗ್‌ಗಳು ಮಾಡುವ ಕೆಲಸವನ್ನು ಹಗುರ ಗಾಡಿ ಮಾಡಲಾರದು. ಐದನೆಯ ತಿಂಗಳಿನಿಂದ ಒಂದು ವರ್ಷದವರೆಗೆ ಮಗಳು ಸಂಜೆಯ ನಿದ್ದೆ ಮಾಡಿದ್ದು ಬಹುಪಾಲು ಅದರಲ್ಲೇ, ನಾವು ಪಕ್ಕದಲ್ಲಿ ನಡೆಯುತ್ತಿದ್ದಂತೆಯೇ. ಅದರ ಮುಸುಕಿನ ಮೇಲೆ ಅಂಗೈ ಅಗಲದ ಒಂದು ಜಾಲರಿ ಕಿಟಕಿ ಇದೆ, ಅದಕ್ಕೊಂದು ಬಟ್ಟೆಯ ಮುಚ್ಚಳ. ಮುಚ್ಚಳವನ್ನು ಆಯಸ್ಕಾಂತ ಹಿಡಿದುಕೊಳ್ಳುವುದರಿಂದ ತೆರೆದರೆ ಸದ್ದೇ ಆಗುವುದಿಲ್ಲ. ಹಗುರ ಗಾಡಿಯದ್ದು ವೆಲ್ಕ್ರೋ, ಅದರ ಪರಪರ ಸದ್ದಿಗೆ ಮಗು ಎಚ್ಚರಗೊಳ್ಳುತ್ತದೆ. ಕತ್ತಲಾಗುವ ಹೊತ್ತಿಗೆ ನಾನು ಆ ಮುಚ್ಚಳ ಎತ್ತಿ ನೋಡುತ್ತಿದ್ದೆ. ತೆರೆದ ಪುಟ್ಟ ಬಾಯಿ, ಕಿವಿಯ ಮೇಲೆ ಒಂದು ಕೈ. ಮತ್ತೆ ಮುಚ್ಚುತ್ತಿದ್ದೆ. ಇನ್ನೂರು ಹೆಜ್ಜೆಯ ನಂತರ ಮತ್ತೆ ನೋಡುತ್ತಿದ್ದೆ. ತಂಗಿಯದು ನೆಲಮಹಡಿಯ ಮನೆ, ಬಾಗಿಲ ಪಕ್ಕದಲ್ಲೇ ಜಾಗವಿದೆ. ಅಲ್ಲಿ ಅದನ್ನು ದಿನವೂ ಮಡಚಬೇಕಾಗಿಲ್ಲ. ಆ ಮನೆಗೆ ಇದು ಒಳ್ಳೆಯ ಸ್ಟ್ರಾಲರ್. ಈ ಭಾನುವಾರ ತಲುಪಿಸುತ್ತೇವೆ.

ಒಂದು ಕೈಯಲ್ಲಿ ಆಗುತ್ತದೆಯೇ ಎಂಬ ನನ್ನ ಪರೀಕ್ಷೆ ಕಾರ್ ಸೀಟಿನ ಮುಂದೆ ನಡೆಯುವುದಿಲ್ಲ. ಅದಕ್ಕೆ ಎರಡು ಕೈ ಬೇಕು, ಎರಡು ನಿಮಿಷ ಬೇಕು, ಗಮನವೂ ಬೇಕು. ಪಟ್ಟಿಯಲ್ಲಿ ಒಂದೇ ವಸ್ತು ಉಳಿಸಿಕೊಳ್ಳಿ ಎಂದರೆ, ಕಾರಿನಲ್ಲಿ ಓಡಾಡುವ ಮನೆಗಾದರೆ, ನಾನು ಇದನ್ನೇ ಉಳಿಸುತ್ತೇನೆ. ಹಸುಗೂಸಿನ ತಲೆಯೇ ದೇಹದ ಉದ್ದದ ಕಾಲು ಭಾಗದಷ್ಟಿರುತ್ತದೆ, ಕತ್ತು ಮಾತ್ರ ಎಳೆಯದು. ಕಾರು ಎದುರಿನಿಂದ ಗುದ್ದಿದಾಗ, ಮುಂದಕ್ಕೆ ಮುಖ ಮಾಡಿ ಕುಳಿತ ಮಗುವಿನ ಮೈಯನ್ನು ಬೆಲ್ಟ್ ಹಿಡಿಯುತ್ತದೆ, ತಲೆ ಮಾತ್ರ ಚಿಮ್ಮುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಒರಗು ಒಟ್ಟಿಗೆ ತಡೆದುಕೊಳ್ಳುತ್ತದೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಇಂಥ ಸೀಟನ್ನು ರೂಪಿಸಿದ್ದು, ಗಗನಯಾತ್ರಿಗಳು ಬೆನ್ನಿಗೆ ಆಧಾರ ಕೊಟ್ಟು ಮಲಗುವ ಬಗೆಯನ್ನು ನೋಡಿ. ಯುರೋಪಿನ ದೇಶಗಳು ಅನುಸರಿಸುವ ಆರ್129 ನಿಯಮದ ಪ್ರಕಾರ 15 ತಿಂಗಳವರೆಗೆ ಮಗು ಹಿಮ್ಮುಖವಾಗಿಯೇ ಕೂರಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ವಯಸ್ಸಿನ ಗೆರೆಯನ್ನೇ ಅಳಿಸಿ, ಸೀಟಿನ ಎತ್ತರ ಮತ್ತು ತೂಕದ ಮಿತಿ ಮುಟ್ಟುವವರೆಗೂ ಹಿಮ್ಮುಖವೇ ಇರಲಿ ಎಂದಿತು. ನಮ್ಮ ಮಗಳು ಈಗಲೂ ಹಿಂದಕ್ಕೆ ನೋಡಿಯೇ ಕೂರುತ್ತಾಳೆ. "ಪಾಪ, ಕಾಲು ಮಡಚಿಕೊಂಡು ಕೂತಿದೆ" ಎಂದು ನಮ್ಮತ್ತೆ ಪ್ರತಿ ಸಲವೂ ಮರುಗುತ್ತಾರೆ. ಅವಳು ಮಾತ್ರ ಪಾದಗಳನ್ನು ಕಾರಿನ ಸೀಟಿಗೆ ಆನಿಸಿ ಹಾಯಾಗಿರುತ್ತಾಳೆ.

ದಿನವೂ ನಡೆಯುವುದು ಇದು. ಕೂರಿಸುತ್ತೇನೆ, ಬೆನ್ನು ಒರಗಿಗೆ ತಾಗುವಂತೆ ಸರಿಸುತ್ತೇನೆ. ದಪ್ಪ ಸ್ವೆಟರ್ ಇದ್ದರೆ ತೆಗೆಯುತ್ತೇನೆ, ಏಕೆಂದರೆ ಬೆಲ್ಟಿಗೂ ಮೈಗೂ ನಡುವೆ ಅದು ಸುಳ್ಳು ಬಿಗಿಯನ್ನು ತರುತ್ತದೆ. ಎರಡು ನಾಲಗೆಗಳನ್ನು ಜೋಡಿಸಿ ಬಕಲ್‌ಗೆ ಒತ್ತುತ್ತೇನೆ. ಸದ್ದಾಗುತ್ತದೆ, ಮಗಳೂ "ಟಕ್" ಎನ್ನುತ್ತಾಳೆ. ಮುಂದಿನ ಬೆಲ್ಟ್ ಎಳೆದು ಬಿಗಿಮಾಡುತ್ತೇನೆ. ಕೊನೆಗೆ ಅವಳ ಭುಜದ ಹತ್ತಿರ ಬೆಲ್ಟನ್ನು ಎರಡು ಬೆರಳಿನಿಂದ ಚಿವುಟಿ ಮಡಿಸಲು ನೋಡುತ್ತೇನೆ. ಮಡಿಕೆ ಬೆರಳಿಗೆ ಸಿಕ್ಕರೆ ಇನ್ನೂ ಸಡಿಲ, ಬೆರಳು ಜಾರಿದರೆ ಸರಿ. ಈಚೆಗೆ ಚಿವುಟುವ ಕೆಲಸವನ್ನು ಅವಳೇ ಮೊದಲು ಮಾಡಿ ನನ್ನ ಮುಖ ನೋಡುತ್ತಾಳೆ.

ಕೂಸು ಮಲಗಿದಂತೆಯೇ ಎತ್ತಿಕೊಂಡು ಹೋಗಬಹುದಾದ ಬುಟ್ಟಿಯಂಥ ಸೀಟನ್ನು ನಾವು ಕೊಳ್ಳಲಿಲ್ಲ. ಅದು ಹೆಚ್ಚೆಂದರೆ ಒಂದು ವರ್ಷದ ಮಾತು, ಆಮೇಲೆ ಇನ್ನೊಂದು ಸೀಟು ಬೇಕೇ ಬೇಕು. ಹುಟ್ಟಿನಿಂದ ನಾಲ್ಕು ವರ್ಷದವರೆಗೆ ಬರುವ ಒಂದನ್ನೇ ತಂದೆವು. ನಮ್ಮ ಬಜೆಟ್ಟಿಗೆ ಅದು ಸರಿಹೋಯಿತು. ಸಂಬಂಧಿಕರೊಬ್ಬರು ತಮ್ಮ ಮಗನ ಹಳೆಯ ಸೀಟು ಕೊಡುತ್ತೇವೆಂದಾಗ ನಯವಾಗಿ ಬೇಡವೆಂದೆವು. ತಳದಲ್ಲಿ ಅಂಟಿಸಿದ್ದ ಚೀಟಿಯ ಪ್ರಕಾರ ಅದರ ಅವಧಿ ಮುಗಿದಿತ್ತು. ಒಮ್ಮೆ ಅಪಘಾತ ಕಂಡ ಸೀಟಿನಲ್ಲಿ ಬಿರುಕು ಹೊರಗೆ ಕಾಣಬೇಕೆಂದೇನೂ ಇಲ್ಲ. ಬಟ್ಟೆ, ತೊಟ್ಟಿಲು, ಆಟಿಕೆ ಎಲ್ಲವನ್ನೂ ಹಳೆಯದು ಪಡೆಯಿರಿ. ಕಾರ್ ಸೀಟನ್ನು ಮಾತ್ರ, ಅದರ ಪೂರ್ತಿ ಚರಿತ್ರೆ ನಿಮಗೆ ಗೊತ್ತಿಲ್ಲದಿದ್ದರೆ, ಮುಟ್ಟಬೇಡಿ. ನಮ್ಮ ಸೀಟಿನ ದೋಷ ಒಂದೇ: ಹೊದಿಕೆ ತೆಗೆದು ಒಗೆದು ಮತ್ತೆ ತೊಡಿಸಲು ನಲವತ್ತು ನಿಮಿಷ ಹಿಡಿಯುತ್ತದೆ, ಬಕಲ್ ಒಳಗೆ ತಿಂಡಿಯ ಪುಡಿ ಸೇರುತ್ತದೆ. ಎಣ್ಣೆ ಹಾಕಬಾರದೆಂದು ಕೈಪಿಡಿಯಲ್ಲಿದೆ. ಬಿಚ್ಚಿ, ಬಗ್ಗಿಸಿ, ಕೊಡವಬೇಕು.

ಮಂಚದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸರಳುಗಳ ನಡುವೆ 6 ಸೆಂ.ಮೀ.ಗಿಂತ ಹೆಚ್ಚು ಅಂತರವಿರಬಾರದು, ಹಾಸಿಗೆ ಗಟ್ಟಿಯಾಗಿರಬೇಕು, ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರಬಾರದು. ಇಷ್ಟು ಸರಿಯಿರುವ ಅಗ್ಗದ ಮಂಚವೂ ದುಬಾರಿ ಮಂಚವೂ ಮಗುವಿಗೆ ಒಂದೇ. ಪಕ್ಕ ಜಾರಿ ಇಳಿಯುವ ಹಳೆಯ ಮಾದರಿಯನ್ನು ಯಾರಾದರೂ ಕೊಟ್ಟರೆ ಬೇಡ, ಅಮೆರಿಕದಲ್ಲಿ ಅವುಗಳ ಮಾರಾಟವನ್ನೇ 2011ರಲ್ಲಿ ನಿಷೇಧಿಸಿದರು. ಮಂಚದ ಸುತ್ತ ಕಟ್ಟುವ ದಿಂಬಿನ ಗೋಡೆಯೊಂದು ನಮಗೆ ಉಡುಗೊರೆಯಾಗಿ ಬಂದಿತ್ತು, ತುಂಬ ಚೆಂದದ ಕಸೂತಿ. ಅದನ್ನು ಕಟ್ಟಲಿಲ್ಲ. ಮಲಗುವ ಮಗುವಿನ ಸುತ್ತ ದಿಂಬು, ಮೆತ್ತೆ, ಗೊಂಬೆ ಯಾವುದೂ ಇರಬಾರದು, ಬೆನ್ನ ಮೇಲೆ ಮಲಗಿಸಬೇಕು, ಅಷ್ಟೇ. ಕೊಟ್ಟವರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಾಯಿತು, ಆದರೂ ಹೇಳಿದೆ.

ಪಂಪನ್ನು ಪಟ್ಟಿಯಿಂದ ತೆಗೆಯಬೇಕೆಂದು ತಂಗಿಗೆ ಹೇಳಿದ್ದೇನೆ. ಅದು ಬೇಡದ ವಸ್ತುವೆಂದಲ್ಲ. ಯಾವ ಬಗೆಯದು ಬೇಕು, ದಿನಕ್ಕೆ ಎಷ್ಟು ಸಲ ಬೇಕು, ಎದೆಗೆ ಕೂರುವ ಬಟ್ಟಲಿನ ಅಳತೆ ಏನು ಎಂಬುದು ಹೆರಿಗೆಯಾದ ಮೇಲೆಯೇ ಗೊತ್ತಾಗುತ್ತದೆ. ನನಗೆ ಬಂದದ್ದರ ಬಟ್ಟಲು ದೊಡ್ಡದಾಗಿತ್ತು. ಮೂರು ವಾರ ನೋವು ತಿಂದ ಮೇಲೆ ಒಬ್ಬ ನರ್ಸ್ ಅಳೆದು ನೋಡಿ ಚಿಕ್ಕದನ್ನು ಹಾಕಿಸಿದರು. ಅದೇ ಯಂತ್ರ, ಅದೇ ಮೋಟಾರು, ನೋವು ಮಾತ್ರ ಮಾಯ. ಮಗುವಿನ ಪಾದಕ್ಕೆ ಕಟ್ಟಿ ಉಸಿರು, ನಾಡಿ ತೋರಿಸುವ ಯಂತ್ರವನ್ನೂ ಹದಿನೈದು ದಿನ ಬಳಸಿದೆವು. ಕಾಲುಚೀಲ ಸ್ವಲ್ಪ ಜಾರಿದರೂ ನಡುರಾತ್ರಿ ಕೂಗಿಕೊಳ್ಳುತ್ತಿತ್ತು. ಹಿಂದಿರುಗಿಸಿದ ರಾತ್ರಿಯಿಂದ ಮೂವರಿಗೂ ನಿದ್ದೆ ಬಂತು.

ಇನ್ನು ಪೆನ್ಸಿಲಿನಲ್ಲಿ ಬರೆದಿದ್ದ ಆ ಕುರ್ಚಿ. ಆರು ತಿಂಗಳಾಗುವ ಹೊತ್ತಿಗೆ, ಪಟ್ಟಿ ಮುಗಿದು, ಉಡುಗೊರೆ ಕೊಡುವವರೂ ಮುಗಿದ ಮೇಲೆ, ನಾವೇ ಹೋಗಿ ತಂದೆವು. ಮರದ್ದು, ಪಕ್ಕದ ಎರಡು ಕಂಬಗಳ ಒಳಮೈಯಲ್ಲಿ ಮೇಲಿನಿಂದ ಕೆಳಗಿನವರೆಗೆ ಕಚ್ಚುಗಳಿವೆ. ಕೂರುವ ಹಲಗೆ, ಪಾದದ ಹಲಗೆ ಎರಡನ್ನೂ ಬೇಕಾದ ಕಚ್ಚಿಗೆ ಸರಿಸಿ ತಿರುಪು ಬಿಗಿಯಬಹುದು. ನಾರ್ವೆಯ ಪೀಟರ್ ಓಪ್ಸ್‌ವಿಕ್ 1972ರಲ್ಲಿ ರೂಪಿಸಿದ ಟ್ರಿಪ್ ಟ್ರ್ಯಾಪ್ ಕುರ್ಚಿಯ ಕಲ್ಪನೆ ಇದೇ: ಮಗು ದೊಡ್ಡವರ ಮೇಜಿಗೇ ಬರಲಿ, ಕುರ್ಚಿ ಅದರ ಜೊತೆ ಬೆಳೆಯಲಿ. ನಮ್ಮದು ಅದೇ ಬಗೆಯ, ಕಡಿಮೆ ಬೆಲೆಯ ಬೇರೊಂದು.

ಮೊದಲು ನೆರೆಮನೆಯವರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನೋಡಿದ್ದೆವು. ಅದಕ್ಕೆ ಪಾದ ಇಡಲು ಜಾಗವಿರಲಿಲ್ಲ. ಐದು ನಿಮಿಷಕ್ಕೆ ಮಗಳು ಒಂದು ಬದಿಗೆ ವಾಲುತ್ತಿದ್ದಳು, ಗೋಳಾಡುತ್ತಿದ್ದಳು. ಅವಳಿಗೆ ಊಟ ಬೇಡವೆಂದು ನಾವು ತಿಳಿದುಕೊಂಡಿದ್ದೆವು. ಮರದ ಕುರ್ಚಿಯಲ್ಲಿ ಪಾದ ಹಲಗೆಗೆ ಊರಿದ ಮೊದಲ ದಿನವೇ ಬೆನ್ನು ನೆಟ್ಟಗಾಯಿತು, ಕೈಗಳು ಬಿಡುವಾದವು. ದೊಡ್ಡವರೂ ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕುಳಿತು ಉಣ್ಣಲು ನೋಡಲಿ, ಆಗ ಗೊತ್ತಾಗುತ್ತದೆ. ಒರೆಸಲೂ ಸುಲಭ: ಒಂದು ಒದ್ದೆ ಬಟ್ಟೆ, ಒಂದೇ ಕೈ.

ಪಾದದ ಹಲಗೆಯನ್ನು ಈವರೆಗೆ ಐದು ಸಲ ಕೆಳಗಿಳಿಸಿದ್ದೇವೆ. ಪ್ರತಿ ಸಲವೂ ಇವರು ಅಲೆನ್ ಕೀ ಹಿಡಿದು ನೆಲದ ಮೇಲೆ ಕೂರುತ್ತಾರೆ, ಮಗಳು ತಿರುಪುಗಳನ್ನು ಕೈಯಲ್ಲಿ ಹಿಡಿದುಕೊಂಡು ಒಂದೊಂದಾಗಿ ಕೊಡುತ್ತಾಳೆ. ಹಲಗೆಯನ್ನು ತಿರುಗಿಸಿ ಅಡಿಭಾಗದಲ್ಲಿ ಪೆನ್ಸಿಲಿನಿಂದ ಅಂದಿನ ತಾರೀಖು ಬರೆಯುತ್ತೇನೆ. ಈಗ ಅವಳೇ ಹತ್ತುತ್ತಾಳೆ. ಪಾದದ ಹಲಗೆಗೆ ಒಂದು ಮೊಣಕಾಲು, ಮೇಜಿನ ಅಂಚಿಗೆ ಒಂದು ಕೈ, ಒಂದು ಕ್ಷಣ ಹೊಟ್ಟೆಯ ಮೇಲೆ ಭಾರ, ಆಮೇಲೆ ಮೆಲ್ಲನೆ ತಿರುಗಿ ಕೂತು ಬೆನ್ನು ಒರಗಿಸುತ್ತಾಳೆ. ಇನ್ನೊಂದು ಕೈಯಲ್ಲಿ ಚಮಚ. ನಾನು ಹಿಂದೆ ನಿಂತಿರುತ್ತೇನೆ, ಹಿಡಿಯುವುದಿಲ್ಲ.

ತಂಗಿ ಎಲ್ಲವನ್ನೂ ಓದಿ, "ಹಾಗಾದರೆ ಆ ಕುರ್ಚಿಯನ್ನೂ ನನಗೇ ಕೊಟ್ಟುಬಿಡು ಅಕ್ಕಾ" ಎಂದಳು. ಸ್ಟ್ರಾಲರ್ ತೆಗೆದುಕೊಂಡು ಹೋಗು, ಮಂಚವನ್ನೂ ಕೊಡುತ್ತೇನೆ, ಕುರ್ಚಿಯನ್ನು ಮಾತ್ರ ನಿನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಬರೆದುಕೋ ಎಂದೆ.